ಕಾಂಡಕೊರಕ ಉಳಿಸಿದ ಮಣ್ಣು

ಚಂದ್ರದ್ರೋಣ ಪರ್ವತವೆಂದೂ ಹೆಸರಾದ ಬಾಬಾಬುಡನ್‌ಗಿರಿ ಶ್ರೇಣಿಯ ನೆತ್ತಿಯಲ್ಲಿ ಹುಲ್ಲುಗಾವಲು, ನೀರು ಜಿನುಗುವ ಕಣಿವೆಗಳಲ್ಲಿ ಶೋಲವೆಂಬ ಕುಳ್ಳಮರಗಳ ಕಾಡು, ಅದರ ಕೆಳಗಿನ ಇಳಿಜಾರಿನಲ್ಲಿ ಕಾಫಿ, ತಗ್ಗಿನ ಹಡ್ಲುಗಳಲ್ಲಿ ಭತ್ತದ ಗದ್ದೆ ಕಾಣುತ್ತವೆ. ಸೂಫಿ ಸಂತ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ 17ನೆಯ ಶತಮಾನಕ್ಕೆ ಸೇರಿದ್ದಾದರೂ, ಬೆಟ್ಟದ ಮೈ ನಿಜಕ್ಕೂ ಬದಲಾಗತೊಡಗಿದ್ದು 1830ರ ಸುಮಾರಿಗೆ ಯುರೋಪಿಯನ್ನರು ಇಲ್ಲಿ ದೊಡ್ಡ ತೋಟಗಳನ್ನು ಹಾಕಲಾರಂಭಿಸಿದ ಮೇಲೆ.

ಕಾಡನ್ನು ಬೋಳಿಸಿ ಬಿಸಿಲಿನಲ್ಲೇ ಕಾಫಿ ಬೆಳೆಯುವ ಸಿಲೋನಿನ ಪದ್ಧತಿಯೇ ಇಲ್ಲಿಯೂ ನೆಲೆಯೂರಿದ್ದರೆ ಮಲೆನಾಡಿನ ಮಳೆಗೆ ಮೇಲ್ಮಣ್ಣು ಉಳಿಯುತ್ತಿರಲಿಲ್ಲ. ಅದನ್ನು ತಡೆದದ್ದು ದೂರದೃಷ್ಟಿಯಲ್ಲ, ಒಂದು ಹುಳು. ಬಿಸಿಲು ಬೀಳುವ ಕಾಂಡದ ತೊಗಟೆಯ ಸಂದಿನಲ್ಲಿ ಮೊಟ್ಟೆಯಿಟ್ಟು, ಮರಿಗಳು ಒಳಗೇ ಸುರಂಗ ಕೊರೆದು ಗಿಡವನ್ನು ಒಣಗಿಸುವ ಬಿಳಿ ಕಾಂಡಕೊರಕವು 1860ರ ದಶಕದಲ್ಲಿ ತೋಟಗಳನ್ನು ಹಾಳುಗೆಡವಿದಾಗ, ನೆರಳಿನಲ್ಲಿ ಅದರ ಹಾವಳಿ ಕಡಿಮೆಯೆಂಬುದನ್ನು ಕಂಡುಕೊಂಡ ತೋಟಗಾರರು ಮರಗಳನ್ನು ಉಳಿಸಿಕೊಳ್ಳುವ, ಇಲ್ಲದೆಡೆ ನೆಡುವ ದಾರಿ ಹಿಡಿದರು. ಸಿಲೋನಿನಲ್ಲಿಯಾದರೋ 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗಕ್ಕೆ ಕಾಫಿಯೇ ಅಳಿದು ಚಹಾ ಬಂತು.

ನೆರಳಿನ ಮರ ಉದುರಿಸುವ ದರಗು, ಎಂದರೆ ಒಣಗಿದೆಲೆಯ ಹಾಸು, ಮಳೆಹನಿಯ ಹೊಡೆತವನ್ನು ತಾಳಿಕೊಂಡು ಕೊಳೆತು ಗೊಬ್ಬರವಾಗುತ್ತದೆ. ಅದಕ್ಕೂ ಮಿಗಿಲಾದ ಜಾಣತನ ತೊಟ್ಟಿಲುಗುಂಡಿಯಲ್ಲಿದೆ: ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ, ಸುಮಾರು ಒಂದಡಿ ಆಳಕ್ಕೆ, ಮೇಲಿನ ಗುಂಡಿಯ ಎದುರಿಗೆ ಕೆಳಗಿನದು ಬಾರದಂತೆ ತೋಡುವ ಈ ಉದ್ದನೆಯ ಗುಂಡಿಗಳು ಮಳೆಗಾಲದಲ್ಲಿ ಹರಿದು ಬಂದ ಮಣ್ಣನ್ನೂ ಎಲೆಯನ್ನೂ ಹಿಡಿದಿಡುತ್ತವೆ, ಅಲ್ಲಿ ಕಳಿತ ಕಪ್ಪು ಮಣ್ಣು ಮತ್ತೆ ಗಿಡದ ಬುಡಕ್ಕೇ ಸೇರುತ್ತದೆ.

ಆದರೆ ನೆರಳು ಎಂದೂ ಒಂದೇ ಬಗೆಯದಾಗಿರಲಿಲ್ಲ. ನೆಟ್ಟಗೆ ಬೆಳೆಯುವ, ಮೆಣಸಿನ ಬಳ್ಳಿಗೆ ಆಸರೆಯಾಗುವ, ಮರಗಸಿಯ (ಕೊಂಬೆ ಸವರಿ ನೆರಳು ಹದಗೊಳಿಸುವ ಕೆಲಸದ) ಖರ್ಚು ಉಳಿಸುವ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಕಾಡುಮರಗಳ ಜಾಗಕ್ಕೆ ಬಂದಂತೆ, ತಡವಾಗಿ ಕೊಳೆಯುವ ಅದರ ಎಲೆ ಮಣ್ಣಿನ ಹದವನ್ನೂ ಬದಲಿಸಿತು. ಎಲೆತುಕ್ಕಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರವೂ ಮೇಲ್ಮಣ್ಣಿಗೇ ಅಂಟಿಕೊಂಡು ಉಳಿಯುವಂಥದ್ದು. ಶ್ರೇಣಿಯ ಉತ್ತರಕ್ಕೆ ಕಥೆ ಬೇರೆ: ಕೆಮ್ಮಣ್ಣುಗುಂಡಿ ಎಂಬ ಹೆಸರೇ ಹೇಳುವ ಕೆಂಪು ನೆಲವನ್ನು ಅಗೆದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಸಾಗಿಸಲಾಯಿತು.

ದರಗಿಗೂ ತೊಟ್ಟಿಲುಗುಂಡಿಗೂ ಎಟುಕುವುದು ಮೇಲ್ಮಣ್ಣು ಮಾತ್ರ. 2019ರ ಆಗಸ್ಟ್‌ನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ನೀರು ಕುಡಿದ ಗುಡ್ಡವೇ ಆಳದಿಂದ ಕುಸಿದಾಗ, ಮನೆಗಳ ಜೊತೆಗೆ ಕಾಫಿ ತೋಟಗಳೂ ಮಣ್ಣುಪಾಲಾದವು.