ಡಬ್ಬಿಯಾದರೂ ಪಿಕಾಚು ಪಿಕಾಚುವೇ!

ಹಳದಿ ಬಣ್ಣದ ಒಂದು ಚೌಕದ ಡಬ್ಬಿ. ಅದರ ಮೇಲೆ ಎರಡು ಕಿವಿ, ಕಿವಿಯ ತುದಿಗೆ ಕಪ್ಪು, ಕೆನ್ನೆಗೆ ಕೆಂಪು. ಫೋನಿನಲ್ಲಿ ಇದನ್ನು ನೋಡಿದ್ದೇ ತಡ, ಅಕ್ಕನ ಮಗ "ಪಿಕಾಚು!" ಅಂತ ಕೂಗಿದ. ಟಿವಿಯಲ್ಲಿ ಬರುವ ಪಿಕಾಚು ದುಂಡುದುಂಡಗೆ ಇರುತ್ತಲ್ಲ, ಈ ಡಬ್ಬಿಯಲ್ಲಿ ಅದನ್ನು ಹೇಗೆ ಗುರುತು ಹಿಡಿದ?

ಉತ್ತರಕ್ಕೆ 1996ರ ಜಪಾನಿಗೆ ಹೋಗಬೇಕು. ಆ ವರ್ಷ ಫೆಬ್ರವರಿ 27ರಂದು ಗೇಮ್ ಬಾಯ್‌ಗೆ ಪೋಕೆಮಾನ್‌ನ ಮೊದಲ ಆಟಗಳು ಬಂದವು. ಗೇಮ್ ಬಾಯ್ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ, ಅಷ್ಟೇ. ಬಣ್ಣವಿಲ್ಲ, ನಾಲ್ಕು ಛಾಯೆ ಮಾತ್ರ. ಎದುರು ನಿಂತ ಪ್ರಾಣಿ ಎಷ್ಟೇ ದೊಡ್ಡದಿರಲಿ, 56x56 ಚುಕ್ಕೆಗಳ ಚೌಕದೊಳಗೇ ಕೂರಬೇಕು! ಇಡೀ ಆಟಕ್ಕೆ ಸಿಕ್ಕ ಜಾಗ 512 ಕಿಲೋಬೈಟ್. 151ನೆಯದಾದ ಮ್ಯೂ ಒಳಗೆ ಬಂದ ಕಥೆ ಇನ್ನೂ ಮಜವಾಗಿದೆ. ಪರೀಕ್ಷೆಗೆಂದು ಇಟ್ಟಿದ್ದ ಭಾಗವನ್ನು ಕೊನೆಯಲ್ಲಿ ತೆಗೆದಾಗ ಸುಮಾರು 300 ಬೈಟ್ ಖಾಲಿಯಾಯಿತು. ಶಿಗೆಕಿ ಮೊರಿಮೊಟೊ ಅಷ್ಟರಲ್ಲೇ ಅದನ್ನು ತೂರಿಸಿಬಿಟ್ಟರು.

ಇಷ್ಟು ಇಕ್ಕಟ್ಟಿನಲ್ಲಿ ಸೂಕ್ಷ್ಮ ಕೆಲಸ ನಡೆಯುವುದಿಲ್ಲ. ಕಿವಿ, ಬಾಲ, ಹೊರಗೆರೆ ಇವೇ ಮಾತಾಡಬೇಕು. ಕೆನ್ ಸುಗಿಮೊರಿ, ಪಿಕಾಚುವನ್ನು ರೂಪಿಸಿದ ಅತ್ಸುಕೊ ನಿಶಿಡಾ ಮೊದಲಾದವರು ಗೆದ್ದದ್ದು ಅಲ್ಲೇ.

ಆಮೇಲೆ ಯಂತ್ರಗಳು ಬೆಳೆದವು. 2013ರ ಎಕ್ಸ್, ವೈ ಆಟಗಳ ಹೊತ್ತಿಗೆ ಪ್ರಾಣಿಗಳೆಲ್ಲ ಮೂರು ಆಯಾಮ ಪಡೆದು ನುಣುಪಾಗಿದ್ದವು. ಚುಕ್ಕೆ ಚೌಕಗಳ ಕಾಲ ಮುಗಿಯಿತು ಅನ್ನಬಹುದಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಗಾಳಿ ಬೀಸಿತ್ತು. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಹೊರತಂದ ಮೈನ್‌ಕ್ರಾಫ್ಟ್‌ನಲ್ಲಿ ಜಗತ್ತೆಲ್ಲ ಘನಗಳೇ. ಹಂದಿ ಮಾಡಲು ಹೋಗಿ ಉದ್ದ ಎತ್ತರ ಅದಲುಬದಲಾಗಿ ಹುಟ್ಟಿದ್ದೇ ಅದರ ಪ್ರಸಿದ್ಧ ಕ್ರೀಪರ್! ಹೀಗೆ ಚುಕ್ಕೆಗೆ ದಪ್ಪ ಬಂದರೆ ಅದು ವಾಕ್ಸೆಲ್.

2018ರ ಮೇ ತಿಂಗಳಲ್ಲಿ ಸ್ವಿಚ್‌ಗೆ, ಜೂನ್‌ನಲ್ಲಿ ಫೋನ್‌ಗಳಿಗೆ ಪೋಕೆಮಾನ್ ಕ್ವೆಸ್ಟ್ ಬಂತು. ಅಲ್ಲಿನ ಟಂಬಲ್‌ಕ್ಯೂಬ್ ದ್ವೀಪದಲ್ಲಿ ಎಲ್ಲವೂ ಚೌಕ. ಚೆಂಡಿನಂತಿದ್ದ ವೋಲ್ಟಾರ್ಬ್ ಕೂಡ ಪೆಟ್ಟಿಗೆಯಾಗಿದೆ. ಆದರೂ ಮೇಲೆ ಕೆಂಪು, ಕೆಳಗೆ ಬಿಳಿ, ಸಿಟ್ಟಿನ ಕಣ್ಣು ನೋಡಿದರೆ ಸಾಕು, ಗೊತ್ತಾಗುತ್ತದೆ.

ಇದೆಲ್ಲ ಕೆಲಸಗಳ್ಳತನ ಅಂತ ಮೊದಲು ನಾನೂ ಮೂಗು ಮುರಿದಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಕ್ವೆಸ್ಟ್‌ನಲ್ಲಿರುವುದು 1996ರ ಆ ಮೊದಲ ತಲೆಮಾರಿನ ಪ್ರಾಣಿಗಳು ಮಾತ್ರ, ಅಂದರೆ ಇಕ್ಕಟ್ಟಿನಲ್ಲೇ ಹುಟ್ಟಿದವು. ಅವುಗಳನ್ನು ಮತ್ತೆ ಚೌಕಕ್ಕೆ ತುಂಬಿದರೂ ಕಳೆದುಹೋಗಲಿಲ್ಲ. ಅಂದು ಚೌಕ ಅನಿವಾರ್ಯವಾಗಿತ್ತು, 2018ರಲ್ಲಿ ಅದು ಆಯ್ಕೆ. ನಡುವಿನ 22 ವರ್ಷ ಉಳಿದುಬಂದದ್ದು ಎರಡು ಕಿವಿ ಮತ್ತು ಕೆಂಪು ಕೆನ್ನೆ.

ಗೇಮ್ ಬಾಯ್ ಮುಖವನ್ನೇ ನೋಡದ ಹುಡುಗ ಅಷ್ಟರಲ್ಲೇ ಗುರುತು ಹಿಡಿದನಲ್ಲ, ಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ? ಏನಂತೀರಿ?