ಪೋಡಿನ ಅಂಗಳದಿಂದ ಶಾಲೆಯ ಮೈದಾನಕ್ಕೆ: ಸೋಲಿಗ ಸೀಮೆಯಲ್ಲಿ ಹಾಡು, ಕುಣಿತದ ಕಲಿಕೆ

ಗೊರುಕನ ಸೋಲಿಗ ಬುಡಕಟ್ಟಿನವರ ಹಾಡು, ಅದೇ ಅವರ ಕುಣಿತ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ ಮತ್ತು ಇವೆರಡರ ನಡುವಣ ಕಾಡಿನ ಪೋಡುಗಳಲ್ಲಿ, ಅಂದರೆ ಸೋಲಿಗರ ಹಟ್ಟಿಗಳಲ್ಲಿ, ಇದು ಬೆಳೆದುಬಂದಿದೆ. ಇದಕ್ಕೆ ಬರೆದಿಟ್ಟ ಪಾಠವಿರಲಿಲ್ಲ, ಕಲಿಸಲೆಂದೇ ನೇಮಿಸಿದ ಗುರುವೂ ಇರಲಿಲ್ಲ. ಮಕ್ಕಳು ದೊಡ್ಡವರ ಸಾಲಿನ ಕೊನೆಗೆ ಸೇರಿಕೊಂಡು ಕುಣಿಯುತ್ತ ಕುಣಿಯುತ್ತಲೇ ಕಲಿತರು. ಕಲಿತ ಜಾಗ ಹೊಲ, ಬಯಲು, ಕಾಡಿನ ದೇವರ ನೆಲೆ. ಹೀಗಾಗಿ ಆ ನೆಲದ ಪಾಡು ಬದಲಾದಾಗಲೆಲ್ಲ ಹಾಡಿನ ಪಾಡೂ ಬದಲಾಗಿದೆ.

ಈ ನೆಲ ಬಹುಕಾಲ ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಮರಳಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು. ಕೊಳ್ಳೇಗಾಲದ ಭಾಗವಾಗಿದ್ದ ಹನೂರು ಆಮೇಲೆ ಬೇರೆ ತಾಲ್ಲೂಕಾಯಿತು. ಸೋಲಿಗರ ನೆಂಟಸ್ತಿಕೆ ಮಾತ್ರ ಈ ಗೆರೆಗಳನ್ನು ದಾಟಿ ಇಂದಿನ ತಮಿಳುನಾಡಿನ ತಾಳವಾಡಿ, ಬರಗೂರು ಬೆಟ್ಟಗಳವರೆಗೂ ಹಬ್ಬಿದೆ.

ಗೊರುಕನಕ್ಕೆ ದೊಡ್ಡ ಸಂದರ್ಭವೆಂದರೆ ರೊಟ್ಟಿ ಹಬ್ಬ. ಕಾಡಿನ ತುಂಡೊಂದನ್ನು ಸವರಿ ಸುಟ್ಟು, ಕೆಲವು ವರ್ಷ ರಾಗಿ ಬೆಳೆದು, ಮತ್ತೆ ಬೇರೆಡೆಗೆ ಸಾಗುವ ಬೇಸಾಯ ಸೋಲಿಗರದಾಗಿತ್ತು. ರಾಗಿ ಕೈಗೆ ಬಂದ ಮೇಲೆ ಪೋಡಿನವರೆಲ್ಲ ಸೇರಿ ಹೊಸ ರಾಗಿಯ ರೊಟ್ಟಿ ಸುಟ್ಟು ದೇವರಿಗೆ ಎಡೆಯಿಟ್ಟು ಹಂಚಿಕೊಂಡು ತಿನ್ನುವುದು ಈ ಹಬ್ಬ. ರಾತ್ರಿ ಬಯಲಿನಲ್ಲಿ ಕುಣಿತ. ಒಬ್ಬರು ಸೊಲ್ಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ಹಿಡಿದು ತಿರುಗಿಸಿ ಹಾಡುತ್ತಾರೆ. ಹೆಜ್ಜೆ ಮುಂದೆ ಹಿಂದೆ ಸರಿಯುತ್ತ ಬಳಗ ಸುತ್ತುತ್ತದೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಅದು ಮಕ್ಕಳ ಬಾಯಿಗೆ ಮೊದಲ ರಾತ್ರಿಯೇ ಬರುತ್ತದೆ. ನಡುವಿನ ಸೊಲ್ಲು ಕಟ್ಟುವ ಜಾಣ್ಮೆ ಬರಲು ವರ್ಷಗಳು ಬೇಕು. ಪ್ರಾಣಿ, ಹಕ್ಕಿ, ಮರ, ಜೇನು ಇವೆಲ್ಲ ಹಾಡಿನ ವಸ್ತು. ಹಾಡು ಕಲಿತ ಮಗು ಕಾಡಿನ ಹೆಸರುಗಳನ್ನೂ ಕಲಿತಂತೆಯೇ. ಹರೆಯದವರು ಸಂಗಾತಿಯನ್ನು ಕಂಡುಕೊಳ್ಳುತ್ತಿದ್ದುದೂ ಇಂಥ ಕೂಟಗಳಲ್ಲಿ.

ಎರಡನೆಯ ಸಂದರ್ಭ ದೇವರ ನೆಲೆ. ಸೋಲಿಗರು ಕಾಡನ್ನು ಯಲ್ಲೆಗಳಾಗಿ ಗುರುತಿಸುತ್ತಾರೆ. ಒಂದೊಂದು ಯಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾ ಸ್ಥಾನಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಇವುಗಳಲ್ಲಿ ಪ್ರಸಿದ್ಧ. ಬೆಟ್ಟದ ಮೇಲಿನ ರಂಗನಾಥನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ನಂಬಿಕೆಯಿಂದ ಅವನು ಅವರಿಗೆ ‘ಬಾವ’. ಈ ಕಥೆಗಳು ಬಾಯಿಂದ ಬಾಯಿಗೆ ಬಂದವು. ಆಯಾ ಜಾಗಕ್ಕೆ ಹಿರಿಯರೊಂದಿಗೆ ಹೋದವರಿಗೆ ಅವು ಗಟ್ಟಿಯಾಗಿ ನೆನಪುಳಿದವು.

ಬೆಟ್ಟದ ಕೆಳಗಿನ ಊರುಗಳಲ್ಲಿ ಇದಕ್ಕೆ ಸಮನಾದದ್ದು ಕಂಸಾಳೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಒಕ್ಕಲಿನ ಕೆಲವು ಮನೆತನಗಳವರು ದೀಕ್ಷೆ ಪಡೆದು ದೇವರಗುಡ್ಡರಾಗುತ್ತಾರೆ. ಬಟ್ಟಲಿನಂಥ ಕಂಚಿನ ತಾಳ ಎಡಗೈಯಲ್ಲಿ, ದಾರ ಕಟ್ಟಿದ ಇನ್ನೊಂದು ತಾಳ ಬಲಗೈಯಲ್ಲಿ. ಅದನ್ನು ಬೀಸಿ ಬೀಸಿ ಬಡಿಯುತ್ತ ಕುಣಿಯುವುದು ಬೀಸು ಕಂಸಾಳೆ. ಇವರು ಹಾಡುವ ಮಲೆ ಮಹದೇಶ್ವರ ಕಾವ್ಯ ‘ಸಾಲು’ಗಳಾಗಿ ವಿಂಗಡವಾಗಿದೆ. ತಾಳುಬೆಟ್ಟದ ಸಾಲಿನಲ್ಲಿ ಬರುವ ತಾಳುಬೆಟ್ಟ ಇಂದಿಗೂ ಕಾಲ್ನಡಿಗೆಯ ಭಕ್ತರು ಬೆಟ್ಟ ಹತ್ತಲು ತೊಡಗುವ ಜಾಗ. ಸಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲೇಗೌಡ ಹೆಂಡತಿಯನ್ನು ಶಂಕಿಸಿ ಹಿಂಸಿಸಿ ಜೇನಿಗೆ ಹೋಗುತ್ತಾನೆ. ಸಂಕಮ್ಮನಿಗೆ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಹೊಸಬರು ಹಿಮ್ಮೇಳದಲ್ಲಿ ಸೊಲ್ಲಿಗೆ ಸೊಲ್ಲು ಸೇರಿಸುತ್ತ, ಜಾತ್ರೆಯ ದಾರಿಯಲ್ಲೂ ಹರಕೆಯ ಮನೆಗಳ ಅಂಗಳದಲ್ಲೂ ಇದನ್ನು ಕಲಿಯುತ್ತಿದ್ದರು. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆ ಹಾಡುವ ನೀಲಗಾರರೂ ತಂಬೂರಿ ಹಿಡಿದು ಹಿರಿಯರ ಹಿಂದೆ ನಡೆದೇ ಕಲಿತವರು. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರು ಜಾತ್ರೆ ಅವರು ಕೂಡುವ ನೆಲೆ.

ಸೋಲಿಗರ ಪಾಲಿಗೆ ದೊಡ್ಡ ತಿರುವು 1974. ಆ ವರ್ಷ ಬಿಳಿಗಿರಿರಂಗನ ಬೆಟ್ಟದ ಕಾಡು ವನ್ಯಧಾಮವಾಯಿತು. ಬೇಟೆಯೂ ಸುಟ್ಟು ಬೆಳೆಯುವ ಬೇಸಾಯವೂ ನಿಂತವು. ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ಒಂದೆಡೆ ಕೂಡಿಸಲಾಯಿತು. ನೆಲದ ಹುಲ್ಲು, ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿಗೂ ತಡೆ ಬಿತ್ತು; ಅದು ನಿಂತದ್ದರಿಂದಲೇ ಲಂಟಾನ ಕಳೆ ಹಬ್ಬಿತೆಂಬುದು ಸೋಲಿಗರ ವಾದ. ರಾಗಿ ಹೊಲ ಕುಗ್ಗಿದ ಮೇಲೆ ರೊಟ್ಟಿ ಹಬ್ಬ ಸುಗ್ಗಿಯ ಹಬ್ಬವಾಗಿ ಉಳಿಯುವುದು ಕಷ್ಟವಾಯಿತು. ಹಾಡು ಉಳಿದರೂ ಅದನ್ನು ಹಾಡಬೇಕಾದ ಕೆಲಸ ತಪ್ಪಿತು.

1981ರಲ್ಲಿ ಡಾ. ಎಚ್. ಸುದರ್ಶನ್ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪಿಸಿದರು. ಅದರ ಶಾಲೆ ಸೋಲಿಗ ಮಕ್ಕಳಿಗೆ ಅಕ್ಷರದ ಬಾಗಿಲು ತೆರೆಯಿತು. ಗೊರುಕನ ಶಾಲೆಯ ಮೈದಾನಕ್ಕೂ ಜನಪದ ಮೇಳಗಳಿಗೂ ಬಂತು. ಸಮವಸ್ತ್ರ ತೊಟ್ಟ ತಂಡ, ಮೈಕು, ಕೆಲವೇ ನಿಮಿಷದ ಅವಧಿ ಅದಕ್ಕೆ ಒಗ್ಗಿದವು. ಇಂಥದೇ ಪಲ್ಲಟ ಸ್ಕಾಟ್ಲೆಂಡಿನ ಗೇಲಿಕ್ ಸೀಮೆಯಲ್ಲೂ ಆಯಿತು. ಅಲ್ಲಿನ ದ್ವೀಪಗಳ ಹೆಂಗಸರು ನೇಯ್ದ ಉಣ್ಣೆ ಬಟ್ಟೆಯನ್ನು ಮೇಜಿಗೆ ಬಡಿದು ಹದ ಮಾಡುತ್ತ ಹಾಡುತ್ತಿದ್ದರು. ಆ ಕೆಲಸ ನಿಂತ ಮೇಲೆ ಗೇಲಿಕ್ ಹಾಡುಗಳನ್ನು ಮಕ್ಕಳಿಗೆ ದಾಟಿಸಲು 1981ರಲ್ಲಿ ಬಾರಾ ದ್ವೀಪದಲ್ಲಿ ಕಲಿಕೆಯ ಉತ್ಸವವೊಂದು ಶುರುವಾಗಿ ಇತರೆಡೆಗೂ ಹಬ್ಬಿತು.

2011ರಲ್ಲಿ ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇದು ಮೊದಲನೆಯದು. ಕಿರು ಅರಣ್ಯ ಉತ್ಪನ್ನ ಮತ್ತು ದೇವರ ನೆಲೆಗಳಿಗೆ ಹೋಗಿಬರುವ ಹಕ್ಕಿಗೆ ಇದರಿಂದ ಕಾನೂನಿನ ಬಲ ಬಂತು. ವೇದಿಕೆ ಗೊರುಕನದ ಹೆಜ್ಜೆಯನ್ನು ಉಳಿಸೀತು. ಹಾಡಿನೊಳಗಿನ ಮರ, ಹಕ್ಕಿ, ದೇವರನ್ನು ಗುರುತಿಸುವ ತಿಳಿವಳಿಕೆ ಉಳಿಯಬೇಕಾದರೆ ಮಕ್ಕಳು ಹಿರಿಯರ ಜೊತೆ ಕಾಡಿಗೆ ಹೋಗುವಂತಿರಬೇಕು.