ಹಣೆ ಕಾಯುವ ಕನ್ನಡಕ

ದೃಷ್ಟಿಯಿಲ್ಲದವರ ಕೈಯಲ್ಲಿ ಕೋಲು ಎಂದಿನಿಂದಲೂ ಇದೆ. ಅದಕ್ಕೆ ಬಿಳಿ ಬಣ್ಣ ಬಂದ ಕಥೆಯನ್ನು 1921ರಿಂದ ಹೇಳುತ್ತಾರೆ. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಜೇಮ್ಸ್ ಬಿಗ್ಸ್ ಎಂಬ ಫೋಟೋಗ್ರಾಫರ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಮೋಟಾರಿನವರಿಗೆ ತಾವು ಕಾಣಲೆಂದು ಕೋಲಿಗೆ ಬಿಳಿ ಬಣ್ಣ ಬಳಿದರು. ನೋಡಿ, ಬಣ್ಣ ಬೇಕಾದದ್ದು ಕಣ್ಣಿದ್ದವರಿಗೆ! ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಹೋದ ಅಮೆರಿಕದ ಸೈನಿಕರಿಗೆ, ಉದ್ದನೆಯ ಹಗುರ ಕೋಲನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ನಡೆಯುವ ಕ್ರಮವನ್ನು ರಿಚರ್ಡ್ ಹೂವರ್ ಕಲಿಸಿದರು. ಕೋಲು ಹೀಗೆ ಕಾಲಿಗೆ ಕಣ್ಣಾಯಿತು.

ಆದರೆ ತಲೆಗೆ? ನಮ್ಮ ಶಾಲೆಗೆ ಸಂಗೀತ ಕಲಿಸಲು ಬರುತ್ತಿದ್ದ ಮೇಷ್ಟರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಒಂದು ದಿನ ಹಣೆಗೆ ಬಟ್ಟೆ ಕಟ್ಟಿಕೊಂಡು ಬಂದರು. ಯಾರದೋ ಮನೆಯ ಕಿಟಕಿಯ ಬಾಗಿಲು ಬೀದಿಗೆ ತೆರೆದುಕೊಂಡಿತ್ತಂತೆ. "ಕೋಲು ಗುಂಡಿ ತೋರಿಸುತ್ತದೆ ಟೀಚರ್, ಕಿಟಕಿ ತೋರಿಸೋದಿಲ್ಲ" ಎಂದು ನಕ್ಕು ಶ್ರುತಿಪೆಟ್ಟಿಗೆ ಎಳೆದುಕೊಂಡರು.

ಈ ಕೊರತೆಗೆ ಉತ್ತರ ಹುಡುಕಿದವರಲ್ಲಿ ಲೆಸ್ಲಿ ಕೇ ಮುಖ್ಯರು. ಬಾವಲಿಯು ತನ್ನ ಕೂಗಿನ ಪ್ರತಿಧ್ವನಿ ಕೇಳಿ ದಾರಿ ಹುಡುಕುವುದಷ್ಟೆ. ಅದೇ ತತ್ತ್ವದ ಮೇಲೆ ಅವರು ಮೊದಲು ಇಂಗ್ಲೆಂಡಿನಲ್ಲಿ ಕೈಯಲ್ಲಿ ಹಿಡಿಯುವ 'ಶಬ್ದದ ಟಾರ್ಚ್' ಮಾಡಿದರು. 1960ರ ದಶಕದಲ್ಲಿ ನ್ಯೂಜಿಲೆಂಡಿಗೆ ಹೋಗಿ, ಮುಂದಿನ ದಶಕದ ಹೊತ್ತಿಗೆ ಅದನ್ನೇ ಕನ್ನಡಕಕ್ಕೆ ಅಳವಡಿಸಿದರು. ಕನ್ನಡಕದಿಂದ ನಮ್ಮ ಕಿವಿಗೆ ಕೇಳದ ಶಬ್ದ ಹೊರಡುತ್ತದೆ; ಎದುರಿನ ವಸ್ತುವಿಗೆ ತಾಗಿ ಮರಳಿದ್ದು ಕೇಳುವ ಸ್ವರವಾಗುತ್ತದೆ. ವಸ್ತು ದೂರವಿದ್ದರೆ ತಾರಸ್ವರ, ಹತ್ತಿರವಾದಂತೆ ಮಂದ್ರ. ಎಡಗಡೆಯದು ಎಡಗಿವಿಗೆ ಹೆಚ್ಚು ಕೇಳುತ್ತದೆ. ನಮ್ಮ ಮೇಷ್ಟರು ಇದನ್ನು ಬೇಗ ಕಲಿಯುತ್ತಿದ್ದರೋ ಏನೋ.

ಆದರೂ ಆ ಕನ್ನಡಕ ಮನೆಮಾತಾಗಲಿಲ್ಲ. ಬೆಲೆ ಹೆಚ್ಚು, ಕಲಿಯಲು ಬಹಳ ಅಭ್ಯಾಸ ಬೇಕು. ಕಿವಿಯನ್ನೇ ನಂಬಿ ರಸ್ತೆ ದಾಟುವವರಿಗೆ ಮತ್ತೊಂದು ಸದ್ದು ಹೊರೆಯೂ ಹೌದು. 2014ರಲ್ಲಿ ದೆಹಲಿಯ ಐಐಟಿಯವರ 'ಸ್ಮಾರ್ಟ್‌ಕೇನ್' ಬಂದಾಗ ಕಿವಿಯನ್ನು ಅದರ ಪಾಡಿಗೆ ಬಿಟ್ಟಿದ್ದರು. ಬಿಳಿ ಕೋಲಿಗೇ ಸಿಕ್ಕಿಸುವ ಈ ಉಪಕರಣ, ಮೊಣಕಾಲಿನಿಂದ ಮೇಲಿನ ಅಡ್ಡಿಯನ್ನು ಸುಮಾರು 3 ಮೀಟರ್ ದೂರದಲ್ಲೇ ಗುರುತಿಸಿ ಅಂಗೈಗೆ ಕಂಪನ ಕೊಡುತ್ತದೆ.

ಇಷ್ಟು ದೊಡ್ಡ ವಿದ್ಯೆಯೆಲ್ಲ ಯಾತಕ್ಕೆ? ಬೀದಿಗೆ ಚಾಚಿದ ಕೊಂಬೆ, ಅಡ್ಡ ಕಟ್ಟಿದ ಬಟ್ಟೆಯ ಹಗ್ಗ, ತೆರೆದಿಟ್ಟ ಕಿಟಕಿ, ಇವನ್ನು ತಪ್ಪಿಸಲು. ಇವುಗಳಲ್ಲಿ ಅರ್ಧ ನಮ್ಮ ಮನೆಯವೇ. ಕಿಟಕಿಗಾದರೆ ಚಿಲಕವಿದೆ, ಅದಕ್ಕೆ ಯಾವ ವಿಜ್ಞಾನಿಯೂ ಬೇಕಿಲ್ಲ.